ಬಜಪೆಯ ಪದವು

ಮಂಗಳೂರಿಗೆ ಆಕಾಶಮಾರ್ಗವಾಗಿ ಬಂದವರು ಒಂದು ಅನುಭವವನ್ನು ಹೇಳುವುದುಂಟು. ಕಡಲು ಕಾಣುವುದು, ತೆಂಗಿನ ತೋಟಗಳು ಕಾಣುವುವು, ಹಂಚಿನ ಮಾಡುಗಳೂ ಅವುಗಳ ನಡುವೆ ಬಳುಕಿ ಹರಿಯುವ ಫಲ್ಗುಣಿ ಹೊಳೆಯೂ ಕಾಣುವುವು. ವಿಮಾನವು ತಗ್ಗುತ್ತ ತಗ್ಗುತ್ತ ಬರುವುದು. ಆದರೆ ನೆಲ ಮಾತ್ರ ಹತ್ತಿರವಾಗುವಂತೆ ತೋರದು. ಇನ್ನೂ ಬಹಳ ಎತ್ತರವಿದೆಯೆಂದು ಪ್ರಯಾಣಿಕನು ನೆಮ್ಮದಿಯಿಂದ ಕುಳಿತಿರುವಾಗಲೇ ಕಣಿವೆಯ ಆಚೆಯಿಂದ ಕೆಂಪುಗುಡ್ಡದ ಅಂಚೊಂದು ಥಟ್ಟನೆ ಮೇಲೆದ್ದು ಬಂದು ಚಕ್ರಗಳಿಗೆ ತಾಗಿಬಿಡುವುದು. ಹೊಸಬರು ಬೆಚ್ಚುವರು. ಊರವರು ನಕ್ಕು, 'ಬಂತು ನಮ್ಮ ಪದವು' ಎನ್ನುವರು.

ದಕ್ಷಿಣ ಕನ್ನಡದಲ್ಲಿ ಸಮನೆಲವೆಂಬುದು ದುರ್ಲಭ ವಸ್ತು. ಇರುವುದೇ ಎರಡು ಬಗೆ: ಕೆಳಗೆ ಬೈಲು, ಮೇಲೆ ಪದವು. ಬೈಲಿನಲ್ಲಿ ಗದ್ದೆಗಳು, ಅದನ್ನು ಮುಟ್ಟಿದರೆ ಅನ್ನಕ್ಕೆ ಸಂಚಕಾರ. ಪದವೆಂದರೆ ಗುಡ್ಡದ ನೆತ್ತಿಯ ಮೇಲಣ ಮುರಕಲ್ಲಿನ ಬೋಳುಬಯಲು. ಮಳೆಗಾಲದಲ್ಲಿ ಹಸುರು ಹುಲ್ಲು, ಬೇಸಗೆಯಲ್ಲಿ ಕಾದ ಕಾವಲಿ. ದನ ಮೇಯಿಸುವವರಿಗಲ್ಲದೆ ಮತ್ತಾರಿಗೂ ಬೇಡವಾಗಿದ್ದ ಅಂತಹ ಒಂದು ನೆತ್ತಿಯೇ ವಿಮಾನಗಳ ಪಾಲಿಗೆ ಬಂದುದು ಸಹಜ. ೧೯೫೧ನೆಯ ಇಸವಿ ಡಿಸೆಂಬರ್ ೨೫ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಈ ನಿಲ್ದಾಣವನ್ನು ಆರಂಭಿಸಿದರು.

ಆ ದಿನ ಗುರುಪುರದ ಕಡೆಯಿಂದ ಕೈಕಂಬದ ದಾರಿಯಾಗಿ ನಡೆದುಕೊಂಡು ಹೋಗಿ ನೋಡಿದವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನೂ ಇದ್ದನು. ಅವನೇ ಮುಂದೆ ಹೈಸ್ಕೂಲಿನಲ್ಲಿ ಗಣಿತವನ್ನು ಕಲಿಸಿ, ನಿವೃತ್ತನಾಗಿ, ಮಂಗಳೂರಿನ ಬಿಜೈಯಲ್ಲಿ ನೆಲೆಸಿದ ಮಾಸ್ತರರು. ನೆಹರೂ ಅವರ ಮುಖವನ್ನು ಕಂಡೆನೆಂದು ಮಾಸ್ತರರು ಎಂದೂ ಹೇಳಿಕೊಂಡವರಲ್ಲ. ಅವರ ನೆನಪಿನಲ್ಲಿ ಉಳಿದುದು ವಿಮಾನವು ಎಬ್ಬಿಸಿದ ಕೆಂಧೂಳು. ತಂದೆಯ ಬಿಳಿಯ ಧೋತ್ರವು ಕಾವಿಯಾಯಿತು. ಹಿಂತಿರುಗಿದಾಗ ತಾಯಿ, 'ಇದೇನು, ಅಪ್ಪ ಮಗ ಇಬ್ಬರೂ ಸಂನ್ಯಾಸ ತೆಗೆದುಕೊಂಡು ಬಂದಿರೋ?' ಎಂದು ಕೇಳಿದಳಂತೆ.

ಮೊದಲಿನ ರನ್‌ವೇಯ ಉದ್ದ ೧೬೧೫ ಮೀಟರು. ಎರಡು ತುದಿಗಳಲ್ಲಿಯೂ ನೆಲವು ಕೆಳಗಿಳಿದು ಕಣಿವೆಯಾಗುತ್ತಿತ್ತು. ಬೇರೆ ಊರುಗಳಲ್ಲಿ ವಿಮಾನವು ದಾರಿ ಮೀರಿ ಓಡಿದರೆ ಹುಲ್ಲಿಗೋ ಗದ್ದೆಗೋ ಇಳಿದು ಕೆಸರಿನಲ್ಲಿ ಹೂತು ನಿಲ್ಲುವುದು. 'ಇಲ್ಲಿ ತಪ್ಪು ಮಾಡಲಿಕ್ಕೆ ಸ್ಥಳವಿಲ್ಲ' ಎಂದು ಮಾಸ್ತರರು ತರಗತಿಯಲ್ಲಿ ಉಳಿಕೆಯ ಲೆಕ್ಕವನ್ನು ಕಲಿಸುವಾಗ ಹೇಳುತ್ತಿದ್ದರು. ಹೇಳಿದ್ದು ವಿನೋದಕ್ಕೆ. ೧೯೮೧ನೆಯ ಆಗಸ್ಟ್ ೧೯ರಂದು ಅವ್ರೋ ವಿಮಾನವೊಂದು ಮಳೆಯಲ್ಲಿ ಇಳಿದು, ರನ್‌ವೇಯನ್ನು ದಾಟಿ ಅಂಚಿನಾಚೆ ಹೋಗಿ ನಿಂತಿತು. ಯಾರೂ ಸಾಯಲಿಲ್ಲ. ಯಾರೂ ಸಾಯದ ಅಪಘಾತವು ಎಷ್ಟು ಬೇಗನೆ ನಗೆಯ ವಸ್ತುವಾಗುವುದೆಂಬುದನ್ನು ಆ ದಿನಗಳಲ್ಲಿ ಊರು ಕಂಡಿತು. ಬಸ್ಸು ನಿಲ್ದಾಣದಲ್ಲಿ ನಿಲ್ಲದೆ ಮುಂದೆ ಹೋದರೆ, 'ಅವ್ರೋ ಮಾಡಿದ ಹಾಗೆ ಮಾಡಬೇಡ ಮಾರಾಯ' ಎಂದು ಕಂಡಕ್ಟರನು ಡ್ರೈವರನಿಗೆ ಕೂಗಿದ್ದನ್ನು ಕೇಳಿ ಮಾಸ್ತರರೂ ನಕ್ಕಿದ್ದರು.

೧೯೯೦ನೆಯ ಫೆಬ್ರುವರಿ ೧೪ರ ಸುದ್ದಿಗೆ ಮಾತ್ರ ಯಾರೂ ನಗಲಿಲ್ಲ. ಮುಂಬಯಿಯಿಂದ ಬೆಂಗಳೂರಿಗೆ ಬಂದ ಇಂಡಿಯನ್ ಏರ್‌ಲೈನ್ಸಿನ ಹೊಚ್ಚಹೊಸ ಏರ್‌ಬಸ್ ವಿಮಾನವು ರನ್‌ವೇಯನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು ಸುಟ್ಟುಹೋಯಿತು. ಒಳಗಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ತೀರಿಕೊಂಡರು. ಬೆಂಗಳೂರಿನಲ್ಲಿ ಗುಡ್ಡವೂ ಇಲ್ಲ, ಕಣಿವೆಯೂ ಇಲ್ಲ. ಹಗಲು ಹೊತ್ತು, ತಿಳಿಯಾದ ಆಕಾಶ. ಎಂಜಿನುಗಳ ಶಕ್ತಿಯನ್ನು ತೀರ ತಗ್ಗಿಸಿದ ಸ್ಥಿತಿಯಲ್ಲಿಯೇ ವಿಮಾನವು ಇಳಿಯುತ್ತಿದ್ದುದು ಗಮನಕ್ಕೆ ಬರುವಷ್ಟರಲ್ಲಿ ಉಳಿದಿದ್ದುದು ಕೆಲವೇ ಕ್ಷಣಗಳು. ಜೆಟ್ ಎಂಜಿನು ಪೂರ್ಣ ಶಕ್ತಿಗೆ ಬರುವುದಕ್ಕೂ ಕೆಲವು ಕ್ಷಣಗಳು ಬೇಕು. ಈ ಎರಡು ಲೆಕ್ಕಗಳು ಹೊಂದಲಿಲ್ಲ. ಹತ್ತನೆಯ ತರಗತಿಯ ಹುಡುಗನೊಬ್ಬನು, 'ಇಳಿಯುವ ಜಾಗ ಕಣ್ಣೆದುರಿಗೇ ಇದ್ದರೂ ಹೇಗೆ ಬಿತ್ತು ಸರ್?' ಎಂದು ಕೇಳಿದನು. ಮಾಸ್ತರರು ಕಪ್ಪುಹಲಗೆಯ ಮೇಲೆ ಒಂದು ಓರೆಗೆರೆಯನ್ನೆಳೆದು ತೋರಿಸಿದರು. ತಮಗೆ ಅರ್ಥವಾದಷ್ಟು ಹುಡುಗನಿಗೆ ಅರ್ಥವಾಗಲಿಲ್ಲವೆಂದು ಆಗ ಭಾವಿಸಿದರು.

ಬಜಪೆಯಲ್ಲಿ ೨೦೦೬ರಲ್ಲಿ ಹೊಸ ರನ್‌ವೇ ಸಿದ್ಧವಾಯಿತು: ೨೪೫೦ ಮೀಟರು, ಅಂದರೆ ಸುಮಾರು ೮೦೩೩ ಅಡಿ. ಅದೇ ವರ್ಷ ಕೊಲ್ಲಿಯ ನಾಡುಗಳಿಗೆ ನೇರ ವಿಮಾನಗಳು ಹೊರಟವು. ಅದುವರೆಗೆ ಮುಂಬಯಿಗೋ ಕಲ್ಲಿಕೋಟೆಗೋ ಹೋಗಿ ಕಾಯುತ್ತಿದ್ದ ಸಾವಿರಾರು ಮನೆಯವರು ಮಗನನ್ನು ಕರೆತರಲು ಬೆಳಗಿನ ಚಹಾ ಕುಡಿದು ಬಜಪೆಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ಅವನೊಡನೆ ಮನೆಗೆ ಬರುವಂತಾಯಿತು. ಇದು ಸಣ್ಣ ಸುಖವಲ್ಲ. ರನ್‌ವೇ ಉದ್ದವಾಯಿತಾದರೂ ತುದಿಯಲ್ಲಿದ್ದ ಕಣಿವೆ ಹೋಗಲಿಲ್ಲ.

ಮಾಸ್ತರರ ಮಗಳು ಮುಂಬಯಿಯಲ್ಲಿದ್ದುದರಿಂದ ಅವರಿಗೂ ಪತ್ನಿಗೂ ಈ ಹಾದಿ ರೂಢಿಯಾಯಿತು. ೨೦೦೮ನೆಯ ಜುಲೈ ತಿಂಗಳಲ್ಲಿ ಒಂದು ಸಂಜೆ ಇಬ್ಬರೂ ಹಿಂತಿರುಗುತ್ತಿದ್ದರು. ಮರುದಿನ ಮಾಸ್ತರರ ತಂದೆಯ ಶ್ರಾದ್ಧ; ಹಿರಿಯ ಮಗನಾದ ಅವರು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಸಿದವರಲ್ಲ. ಬೇಕಾದಷ್ಟು ಸಮಯವಿದೆಯೆಂದು ಹೊರಟಿದ್ದರು. ಘಟ್ಟದ ಕಡೆ ಮೋಡ ಕವಿದಿತ್ತು. ವಿಮಾನವು ಹತ್ತಿಯಂತಹ ಕತ್ತಲೆಯೊಳಗೆ ಇಳಿಯಿತು. ಒಂದು ಗಳಿಗೆ ಮೋಡವು ಹರಿದು ಅಡಿಕೆಯ ಮರಗಳ ತಲೆಗಳು ಕಂಡವು, ಒದ್ದೆಯಾದ ರಸ್ತೆಯ ಮೇಲೆ ಒಂದು ರಿಕ್ಷಾ ಕಂಡಿತು. ಊರು ಬಂದಿತೆಂದು ಪತ್ನಿ ಕಾಲಿನಿಂದ ಚಪ್ಪಲಿಯನ್ನು ಹುಡುಕತೊಡಗಿದರು. ಆಗಲೇ ಎಂಜಿನುಗಳು ಬೊಬ್ಬಿರಿದು, ವಿಮಾನವು ಮೂತಿಯನ್ನೆತ್ತಿ ಪುನಃ ಮೇಲಕ್ಕೆ ಏರಿತು. ಅರ್ಧ ಗಂಟೆ ಮೋಡಗಳ ಮೇಲೆ ಸುತ್ತಿತು. ಬಳಿಕ ಬೆಂಗಳೂರಿಗೆ ಹೋಗಿ ಇಳಿಯಿತು.

ಆ ರಾತ್ರಿ ಮಾಸ್ತರರು ಸಿಟ್ಟಾದಷ್ಟು ತಮ್ಮ ಆಯುಷ್ಯದಲ್ಲಿ ಎಂದೂ ಸಿಟ್ಟಾಗಿರಲಿಲ್ಲವೆಂದು ಅವರ ಪತ್ನಿ ಹೇಳುತ್ತಿದ್ದರು. ಬಾಗಿಲಿನ ಬಳಿ ನಿಂತು ಪ್ರಯಾಣಿಕರನ್ನು ಬೀಳ್ಕೊಡುತ್ತಿದ್ದ ತರುಣ ವೈಮಾನಿಕನ ಮುಂದೆ ಅವರು ನಿಂತರು. 'ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿ ಇಳಿಸಲಿಕ್ಕೆ ಧೈರ್ಯವಿಲ್ಲದವರು ಈ ಕೆಲಸಕ್ಕೆ ಯಾಕೆ ಬರಬೇಕು? ನಮ್ಮ ಊರಿನ ಬಸ್ಸಿನ ಡ್ರೈವರನಿಗೆ ಇದಕ್ಕಿಂತ ಹೆಚ್ಚಿನ ಎದೆಗಾರಿಕೆ ಉಂಟು' ಎಂದು ಇಂಗ್ಲಿಷಿನಲ್ಲಿ, ತರಗತಿಯ ದನಿಯಲ್ಲಿ, ಹಿಂದಿನವರಿಗೆಲ್ಲ ಕೇಳುವಂತೆ ಹೇಳಿದರು. ಇಬ್ಬರು ಮೂವರು ಭೇಷ್ ಎಂದರು. ತರುಣನು ಕೈಮುಗಿದು, ಕ್ಷಮಿಸಬೇಕೆಂದನು. ಬೇರೇನನ್ನೂ ಹೇಳಲಿಲ್ಲ.

ಶಿರಾಡಿ ಘಾಟಿಯಲ್ಲಿ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ ಅವರು ಮನೆಗೆ ತಲಪಿದಾಗ ಮಧ್ಯಾಹ್ನವಾಗಿತ್ತು. ಪಿಂಡಪ್ರದಾನವನ್ನು ತಮ್ಮನು ಮಾಡಿ ಮುಗಿಸಿದ್ದನು. ಎಲೆಯಲ್ಲಿ ತಣ್ಣಗಾದ ವಡೆಯಿತ್ತು. ಮಾಸ್ತರರು ಊಟಕ್ಕೆ ಮೊದಲೇ ಕಾಗದ ತೆಗೆದುಕೊಂಡು ಕುಳಿತು ವಿಮಾನದ ಕಂಪೆನಿಗೆ ಎರಡು ಪುಟದ ದೂರನ್ನು ಬರೆದರು. ಕಾರ್ಬನ್ ಪ್ರತಿಯನ್ನು ಫೈಲಿನಲ್ಲಿಟ್ಟರು. ಅದು ಅವರ ಪದ್ಧತಿ.

೨೦೧೦ನೆಯ ಮೇ ೨೨, ಶನಿವಾರ. ದುಬಾಯಿಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬೆಳಗಿನ ಆರು ಗಂಟೆ ದಾಟಿದಾಗ ಬಜಪೆಯಲ್ಲಿ ಇಳಿದು, ರನ್‌ವೇಯಲ್ಲಿ ನಿಲ್ಲದೆ, ತುದಿಯಾಚೆಯ ಕಾಂಕ್ರೀಟಿನ ಕಟ್ಟೆಯೊಂದಕ್ಕೆ ಬಲರೆಕ್ಕೆಯನ್ನು ತಾಗಿಸಿ, ಕೆಂಜಾರಿನ ಕಣಿವೆಗೆ ಉರುಳಿ ಉರಿದುಹೋಯಿತು. ಒಳಗೆ ೧೬೬ ಮಂದಿ. ಬದುಕಿ ಬಂದವರು ಎಂಟೇ ಮಂದಿ. ಮುರಿದ ಒಡಲಿನ ಬಿರುಕಿನಿಂದ ಹೊರಬಿದ್ದು ಮರಗಿಡಗಳ ನಡುವೆ ಏರಿ ಬಂದವರು ಅವರಲ್ಲಿದ್ದರು.

ಸುದ್ದಿ ತಿಳಿದೊಡನೆ ಮಾಸ್ತರರು ಅಳಿಯನ ಕಾರಿನಲ್ಲಿ ಹೊರಟರು. ಏಕೆ ಹೊರಟರೆಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಸಹಾಯಕ್ಕೆಂದು ಹೇಳಬಹುದಿತ್ತು, ಅರುವತ್ತೆಂಟು ವರ್ಷದ, ಮೊಣಕಾಲು ನೋಯುವ ಮನುಷ್ಯನು ಆ ಇಳಿಜಾರಿನಲ್ಲಿ ಮಾಡಬಹುದಾದ ಸಹಾಯವೇನೂ ಇರಲಿಲ್ಲ. ನೋಡುವುದಕ್ಕೆ ಹೊರಟರು, ಅಷ್ಟೇ. ಮರವೂರಿನ ಸೇತುವೆಯನ್ನು ದಾಟುತ್ತಲೇ ಕಾರು ನಿಂತಿತು. ಮುಂದೆಯೂ ವಾಹನಗಳು, ಹಿಂದೆಯೂ ವಾಹನಗಳು. ಎಲ್ಲರೂ ನೋಡುವುದಕ್ಕೆ ಬಂದವರೇ. ಎಲ್ಲಿಯೋ ಹಿಂದುಗಡೆ ಆ್ಯಂಬುಲೆನ್ಸಿನ ಕೂಗು ಕೇಳುತ್ತಿತ್ತು, ಕೇಳುತ್ತಲೇ ಇತ್ತು, ಹತ್ತಿರ ಬರಲಿಲ್ಲ. ಮೈತುಂಬ ಮಸಿಯಾದ ಒಬ್ಬ ಹಳ್ಳಿಯ ಹುಡುಗನು ಓಡಿಬಂದು ಕಾರಿನ ಮುಂಭಾಗವನ್ನು ಅಂಗೈಯಿಂದ ಬಡಿದು, 'ಹಿಂದೆ ತೆಗೆಯಿರಿ! ಇಲ್ಲಿ ನೋಡಲಿಕ್ಕೆ ಎಂತ ಉಂಟು ನಿಮಗೆ?' ಎಂದು ಅಳುವ ದನಿಯಲ್ಲಿ ಬೈದನು. ಅವನು ಕೆಳಗಿನಿಂದ ಹೊತ್ತು ತಂದಿದ್ದನು. ಏನನ್ನು ಹೊತ್ತು ತಂದಿದ್ದನೆಂಬುದು ಅವನ ತೋಳುಗಳಿಂದಲೇ ತಿಳಿಯುತ್ತಿತ್ತು. ಅಳಿಯನು ಹೇಗೋ ಕಾರನ್ನು ತಿರುಗಿಸಿದನು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಪಟ್ಟಿ ಪ್ರಕಟವಾದಾಗ ಅದರಲ್ಲಿ ಪರಿಚಯದ ಹೆಸರುಗಳಿರಲಿಲ್ಲ, ಪರಿಚಯದ ಊರುಗಳಿದ್ದವು. ಮಂಗಳೂರು, ಕಾಸರಗೋಡು, ಅವುಗಳ ಸುತ್ತಣ ಹಳ್ಳಿಗಳು. ಮದುವೆಗೆ ಬರುತ್ತಿದ್ದವರು, ಸಾವಿಗೆ ಬರುತ್ತಿದ್ದವರು, ರಜೆಗೆ ಮಕ್ಕಳನ್ನು ಕರೆತರುತ್ತಿದ್ದವರು. ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ ಫಲ್ಗುಣಿಯ ದಡದ ಮೇಲೆ ಅವರ ಸ್ಮಾರಕವುಂಟು. ವರ್ಷವರ್ಷವೂ ಆ ತಾರೀಕಿಗೆ ಅಲ್ಲಿ ಹೂವಿಡುವರು.

ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ತನಿಖೆಯ ವರದಿ ಪ್ರಕಟವಾದ ಮೇಲೆ ಮಾಸ್ತರರು ಅದನ್ನು ತರಿಸಿಕೊಂಡು, ಲೆಕ್ಕದ ಪುಸ್ತಕವನ್ನು ಓದುವಂತೆ ಪೆನ್ಸಿಲು ಹಿಡಿದು ಓದಿದರು. ಮಳೆಯಿರಲಿಲ್ಲ, ಗಾಳಿ ಶಾಂತವಾಗಿತ್ತು, ಆರು ಕಿಲೋಮೀಟರುಗಳವರೆಗೆ ಕಣ್ಣು ಹಾಯುತ್ತಿತ್ತು. ವೈಮಾನಿಕರಿಬ್ಬರೂ ಈ ಪದವಿಗೆ ಹೊಸಬರಲ್ಲ. ಆದರೆ ಧ್ವನಿಮುದ್ರಕದಲ್ಲಿ ಉಳಿದಿದ್ದ ಎರಡು ಗಂಟೆ ಐದು ನಿಮಿಷಗಳಲ್ಲಿ ಮೊದಲಿನ ಒಂದು ಗಂಟೆ ನಲವತ್ತು ನಿಮಿಷ ಮುಖ್ಯ ವೈಮಾನಿಕನು ನಿದ್ರೆಯಲ್ಲಿದ್ದನು. ಮಂಗಳೂರಿನ ರೇಡಾರು ಆಗ ಕೆಟ್ಟಿದ್ದುದರಿಂದ ಕೆಳಗಿಳಿಯಲು ಅಪ್ಪಣೆ ದೊರೆತುದೂ ತಡವಾಗಿ. ಎಚ್ಚರಗೊಂಡವನ ಬುದ್ಧಿಯ ಮಂಪರು ಹರಿಯುವ ಮೊದಲೇ ಇಳಿಯುವ ಕೆಲಸವು ಬಂದೊದಗಿತು; ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಅದನ್ನು ಅವಸರದಿಂದ ಇಳಿಸಿದಾಗ ಚಕ್ರಗಳು ನೆಲವನ್ನು ಮುಟ್ಟಿದುದು ರನ್‌ವೇಯ ಆರಂಭದಿಂದ ೫೨೦೦ ಅಡಿಗಳ ಆಚೆ. ಮಾಸ್ತರರು ಅಂಚಿನಲ್ಲಿ ಕಳೆಯುವ ಲೆಕ್ಕವನ್ನು ಮಾಡಿದರು. ೮೦೩೩ರಲ್ಲಿ ೫೨೦೦ ಹೋದರೆ ಉಳಿಕೆ ೨೮೩೩.

ಆಗಲೂ ಬ್ರೇಕನ್ನು ಪೂರ್ಣವಾಗಿ ಒತ್ತಿ ಹಿಡಿದಿದ್ದರೆ ವಿಮಾನವು ಕಣಿವೆಗೆ ಬೀಳದೆ ನಿಲ್ಲಬಹುದಿತ್ತೆಂದು ವರದಿ ಹೇಳಿತು. ಮುಖ್ಯ ವೈಮಾನಿಕನು ನಿಲ್ಲಿಸಲು ತೊಡಗಿ, ಅರ್ಧಕ್ಕೆ ಮನಸ್ಸು ಬದಲಿಸಿ, ಪುನಃ ಏರಲು ಯತ್ನಿಸಿದ್ದನು. ಮಾಸ್ತರರ ಪೆನ್ಸಿಲು ನಿಂತುದು ಇದಕ್ಕೆ ಹಿಂದಿನ ಒಂದು ಸಂಗತಿಯಲ್ಲಿ. ವೈಮಾನಿಕರ ಭಾಷೆಯಲ್ಲಿ 'ಗೋ ಅರೌಂಡ್' ಎಂದರೆ, ಇಳಿಯುವುದನ್ನು ಬಿಟ್ಟು ಮೇಲಕ್ಕೆ ಏರಿ ಸುತ್ತಿಕೊಂಡು ಬಾ ಎಂದರ್ಥ. ಆ ಬೆಳಿಗ್ಗೆ ಸಹವೈಮಾನಿಕನು ಈ ಮಾತನ್ನು ಮೂರು ಸಲ ಹೇಳಿದ್ದನು. ಹೇಳಿದುದು ಧ್ವನಿಮುದ್ರಕದಲ್ಲಿ ಉಳಿಯಿತು. ಪಕ್ಕದಲ್ಲಿ ಕುಳಿತವನು ಕೇಳಲಿಲ್ಲ. ಹೇಳಿದವನು ಹಿಡಿಕೆಯನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ.

ಮಾಸ್ತರರು ಎದ್ದು ಕಪಾಟನ್ನು ತೆರೆದು ೨೦೦೮ರ ಫೈಲನ್ನು ಹುಡುಕಿದರು. ನೀಲಿ ಕಾರ್ಬನ್ನಿನ ಅಕ್ಷರಗಳು ಸ್ವಲ್ಪ ಮಾಸಿದ್ದವು. 'ಇಳಿಯಲು ಸಾಧ್ಯವಿದ್ದರೂ ಹಿಂತಿರುಗಿದ ಇಂತಹ ಅಧೈರ್ಯಕ್ಕೆ ತಕ್ಕ ಶಿಸ್ತಿನ ಕ್ರಮವನ್ನು ಕೈಗೊಳ್ಳಬೇಕು' ಎಂಬ ವಾಕ್ಯದ ಕೆಳಗೆ ಅವರೇ ಗೆರೆಯೆಳೆದಿದ್ದರು. ಅವರ ಆ ಕಾಗದಕ್ಕೂ ೨೦೧೦ರ ಆ ವಿಮಾನಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಪತ್ನಿಯೂ ಹೇಳಿದರು, ಅಳಿಯನೂ ಹೇಳಿದನು. ಮಾಸ್ತರರಿಗೂ ಗೊತ್ತಿತ್ತು. ಆದರೂ ಅವರು ಕೇಳಿದ ಪ್ರಶ್ನೆ ಇದು: ಪ್ರಯಾಣಿಕರ ಬೈಗಳನ್ನೂ ಮೇಲಿನವರ ಪ್ರಶ್ನೆಗಳನ್ನೂ ತಿಂದ ತರುಣನೊಬ್ಬನು ಮುಂದಿನ ಸಲ ಅಂತಹದೇ ಮೋಡದ ಎದುರು ಬಂದಾಗ ಏನು ಮಾಡಬೇಕು? ಶ್ರಾದ್ಧ ತಪ್ಪಿದುದಕ್ಕೆ ತಮ್ಮನಿದ್ದನು. ಇದಕ್ಕೆ ಯಾರಿದ್ದರು?

ಕೆಲವು ದಿನ ಯೋಚಿಸಿ, ಹಿಂದಿನ ದೂರನ್ನು ತಾನು ಹಿಂತೆಗೆದುಕೊಳ್ಳುವುದಾಗಿಯೂ, ಆ ದಿನದ ವೈಮಾನಿಕರಿಬ್ಬರಿಗೆ ತನ್ನ ಕ್ಷಮಾಪಣೆಯನ್ನು ತಿಳಿಸಬೇಕೆಂದೂ ಅದೇ ಕಂಪೆನಿಗೆ ಮತ್ತೊಂದು ಕಾಗದ ಬರೆದರು. ಮೂರು ವಾರಗಳಲ್ಲಿ ಉತ್ತರ ಬಂತು. 'ತಮಗಾದ ತೊಂದರೆಗಾಗಿ ವಿಷಾದಿಸುತ್ತೇವೆ. ತಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ' ಎಂದು ಅದರಲ್ಲಿತ್ತು. ಮಾಸ್ತರರು ಅದನ್ನೂ ಫೈಲಿಗೆ ಸೇರಿಸಿದರು.

೨೦೨೦ನೆಯ ಆಗಸ್ಟ್ ೭ರ ರಾತ್ರಿ, ಮಹಾಮಾರಿಯ ಕಾಲದಲ್ಲಿ ದುಬಾಯಿಯಿಂದ ಜನರನ್ನು ತಾಯ್ನಾಡಿಗೆ ತರುತ್ತಿದ್ದ ವಿಮಾನವು ಕಲ್ಲಿಕೋಟೆಯ ಕರಿಪ್ಪೂರಿನಲ್ಲಿ, ಬಜಪೆಯಂತಹುದೇ ಒಂದು ಗುಡ್ಡದ ನೆತ್ತಿಯಿಂದ, ಮಳೆಯಲ್ಲಿ ಜಾರಿ ಬಿದ್ದು ಮುರಿಯಿತು. ೧೯೦ ಮಂದಿಯಲ್ಲಿ ೨೧ ಮಂದಿ ತೀರಿಕೊಂಡರು. ವೈಮಾನಿಕರಿಬ್ಬರೂ ಅವರಲ್ಲಿ ಸೇರಿದ್ದರು. ಬೆಂಕಿ ಹತ್ತಲಿಲ್ಲ. ರೋಗದ ಭಯವನ್ನು ಮರೆತು ಊರಿನವರು ಮಳೆಯಲ್ಲಿ ಓಡಿಹೋಗಿ ಗಾಯಗೊಂಡವರನ್ನು ಹೊತ್ತರು. ಈ ವಿಮಾನವು ಮೊದಲಿನ ಸಲ ಇಳಿಯಲಾಗದೆ ಸರಿಯಾಗಿಯೇ ಮೇಲಕ್ಕೆ ಏರಿತ್ತು. ಎರಡನೆಯ ಸಲ, ಬೆನ್ನ ಹಿಂದಿನಿಂದ ಬೀಸುವ ಗಾಳಿಯಲ್ಲಿ, ರನ್‌ವೇಯ ಅರ್ಧದಷ್ಟು ದೂರ ಕಳೆದ ಮೇಲೆ ನೆಲ ಮುಟ್ಟಿತು. ಮುಂದೆ ತನಿಖೆಯವರು ಬರೆದರು: ಅಲ್ಲಿಯೂ ಸಹವೈಮಾನಿಕನು ಗೋ ಅರೌಂಡ್ ಎಂದಿದ್ದನು. ಪತ್ರಿಕೆಯಲ್ಲಿ ಈ ಸಾಲನ್ನು ಓದಿದ ಬಳಿಕ ಮಾಸ್ತರರು ಕನ್ನಡಕವನ್ನು ತೆಗೆದಿಟ್ಟು ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದರು. ಆ ವೇಳೆಗೆ ಪತ್ನಿ ತೀರಿಕೊಂಡಿದ್ದುದರಿಂದ, 'ಏನಾಯಿತು?' ಎಂದು ಕೇಳುವವರು ಇರಲಿಲ್ಲ.

೨೦೨೩ನೆಯ ಜುಲೈ ತಿಂಗಳಲ್ಲಿ ಅವರು ಮೊಮ್ಮಗಳೊಡನೆ ಮುಂಬಯಿಯಿಂದ ಬಂದರು. ಎಂಬತ್ತೊಂದು ವರ್ಷ, ಇನ್ನು ಪ್ರಯಾಣ ಸಾಕೆಂದು ಮಗಳು ಹೇಳಿದ್ದಳು. ಕಿಟಕಿಯ ಬಳಿಯ ಸ್ಥಾನ. ಹತ್ತಿಯ ಕತ್ತಲೆ, ಅಡಿಕೆಯ ತಲೆಗಳು, ಒದ್ದೆ ರಸ್ತೆ. ಮತ್ತೆ ಅದೇ ಬೊಬ್ಬೆ, ವಿಮಾನವು ಮೂತಿಯೆತ್ತಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೃಹಸ್ಥನೊಬ್ಬನು ಕೈಗಡಿಯಾರವನ್ನು ನೋಡಿ, 'ಇಷ್ಟು ದುಡ್ಡು ಕೊಟ್ಟು ಬಂದರೂ ಇಳಿಸಲಿಕ್ಕೆ ಬರುವುದಿಲ್ಲ ಇವರಿಗೆ' ಎಂದು ಗಟ್ಟಿಯಾಗಿ ಹೇಳಿದನು. ಮೊಮ್ಮಗಳು ಅಜ್ಜನ ಕೈಯನ್ನು ಹಿಡಿದುಕೊಂಡಳು; ಅವರಿಗೆ ಭಯವಾಗಿರಬಹುದೆಂದು ಅವಳ ಎಣಿಕೆ. ಮಾಸ್ತರರು ಮುಂದಿನವನ ಭುಜವನ್ನು ಮುಟ್ಟಿ ಏನನ್ನೋ ಹೇಳಲು ಬಾಗಿದರು, ಹೇಳಲಿಲ್ಲ. ಅವನ ಮನೆಯಲ್ಲಿ ಏನು ಕಾದಿತ್ತೋ ಯಾರಿಗೆ ಗೊತ್ತು.

ಇಪ್ಪತ್ತು ನಿಮಿಷಗಳ ಬಳಿಕ ಮಳೆ ತುಸು ಹಿಂಜರಿಯಿತು. ಕೆಂಪುಗುಡ್ಡದ ಅಂಚು ಮೇಲೆದ್ದು ಬಂದಿತು. ಚಕ್ರಗಳು ಆರಂಭದಲ್ಲಿಯೇ ನೆಲವನ್ನು ಹಿಡಿದವು. ಮಾಸ್ತರರು ಕಿಟಕಿಯ ಹೊರಗೆ ಓಡುವ ದೀಪಗಳನ್ನು ಎಣಿಸುತ್ತಿದ್ದರು.

ಎಲ್ಲರೂ ಇಳಿದ ಮೇಲೆ ಅವರು ನಿಧಾನವಾಗಿ ಬಾಗಿಲಿಗೆ ಬಂದರು. ವೈಮಾನಿಕರ ಕೋಣೆಯ ಬಾಗಿಲು ಮುಚ್ಚಿತ್ತು. 'ಒಳಗಿರುವವರಿಗೆ ಹೇಳಮ್ಮ, ಮೊದಲಿನ ಸಲ ಇಳಿಸದೆ ಹೋದದ್ದು ಬಹಳ ಒಳ್ಳೆಯದಾಯಿತು ಅಂತ' ಎಂದು ಅಲ್ಲಿ ನಿಂತಿದ್ದ ಹುಡುಗಿಗೆ ಹೇಳಿದರು. ಅವಳಿಗೆ ಕನ್ನಡ ಬಾರದು. ಮಾಸ್ತರರು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ತಡವಾದುದಕ್ಕೆ ಕ್ಷಮಿಸಬೇಕು ಸರ್, ಎಂದು ಅವಳು ಬಾಯಿಪಾಠದಂತೆ ಆರಂಭಿಸಿ, ನಡುವೆ ತಡೆದು, ಅವರ ಮುಖವನ್ನು ನೋಡಿದಳು. 'ಹೇಳುತ್ತೇನೆ' ಎಂದಳು.

ಹೊರಗೆ ಮಳೆ ಪುನಃ ಹಿಡಿದಿತ್ತು. ಮೊಮ್ಮಗಳು ಕೊಡೆ ಬಿಡಿಸುವಷ್ಟರಲ್ಲಿ ಪದವಿನ ಕೆಂಪುನೀರು ಚರಂಡಿಯಲ್ಲಿ ಕಣಿವೆಯ ಕಡೆಗೆ ಹರಿಯುತ್ತಿದ್ದುದನ್ನು ಮಾಸ್ತರರು ನೋಡುತ್ತ ನಿಂತರು. ಧೋತ್ರದ ಅಂಚಿಗೆ ನಾಲ್ಕು ಹನಿ ಸಿಡಿದು ಕಲೆಯಾಯಿತು.